ಸಾಲಿನ ಕೊನೆಯ ಚಪ್ಪಲಿ

“ಯಾರ ಚಪ್ಪಲಿ ಮುಟ್ತಿದ್ದೀರಿ ನೀವು?”

ಬಗ್ಗಿ ಕೂತಿದ್ದವನು ತಲೆಯೆತ್ತಿದ. ಕೈಯಲ್ಲಿ ಕೆಸರು ಮೆತ್ತಿದ ಹವಾಯಿ ಚಪ್ಪಲಿ, ಉಗುರಿನಲ್ಲಿ ಗ್ರೀಸು. ಎದುರಿಗೆ ನಿಂತವಳು ಡಾಕ್ಟರ್ ಅಸ್ಫಿಯಾ. ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ, ಕೋಪಕ್ಕೇನೂ ಕಡಿಮೆಯಿರಲಿಲ್ಲ.

ಮಂಡ್ಯದ ಆ ಕ್ಲಿನಿಕ್ಕಿನಲ್ಲಿ ಟೋಕನ್ ಇಲ್ಲ. ಬಂದವರು ಜಗಲಿಯ ಮೇಲೆ ಚಪ್ಪಲಿಯನ್ನು ಸಾಲಾಗಿ ಬಿಟ್ಟು ನೆರಳಿಗೆ ಹೋಗಿ ಕೂರಬೇಕು. ರೈತರ ಚಪ್ಪಲಿ, ಬ್ಯಾಂಕಿನವರ ಬೂಟು, ಬುರ್ಖಾ ತೊಟ್ಟವರ ಸ್ಯಾಂಡಲ್ಲು, ಎಲ್ಲಕ್ಕೂ ಒಂದೇ ಸಾಲು. ಅದನ್ನು ಅದಲು ಬದಲು ಮಾಡುವುದೆಂದರೆ ಅಲ್ಲಿ ಕಳ್ಳತನವಿದ್ದ ಹಾಗೆ.

“ತಪ್ಪಾಯ್ತು ಮೇಡಂ,” ಅಂದವನು ಕೈಯೊರೆಸಿಕೊಂಡು ಎದ್ದ.

ಅವನ ಹೆಸರು ಒವೈಸ್. ಪಕ್ಕದ ಬೀದಿಯಲ್ಲೇ ಬೈಕ್ ಗ್ಯಾರೇಜು. ಪ್ರತಿ ಸೋಮವಾರ ತಾಯಿ ತಾಹೇರಾಳ ಬಿಪಿ ತೋರಿಸಲು ಬರುತ್ತಿದ್ದ. ಆದರೆ ಅಸ್ಫಿಯಾಳ ರೂಮಿಗೆ ಒಮ್ಮೆಯೂ ಬರಲಿಲ್ಲ. ಒಂದು ಗಂಟೆಗೆ ಅವಳು ಮದ್ದೂರಿನ ಕ್ಲಿನಿಕ್ಕಿಗೆ ಬಸ್ಸು ಹತ್ತಲು ಹೊರಡಬೇಕು. ಅವಳು ಗೇಟು ದಾಟುವ ಹೊತ್ತಿಗೆ ತಾಯಿ ಮಗ ಮಧ್ಯಾಹ್ನಕ್ಕೆ ಬರುವ ಹಿರಿಯ ಡಾಕ್ಟರ್ ರಾಜೇಂದ್ರ ಅವರ ರೂಮಿಗೆ ಹೋಗುತ್ತಿದ್ದರು.

‘ನಾನು ಹೋಗಲಿ ಅಂತಲೇ ಕಾಯ್ತಾರೆ. ಹೆಣ್ಣು ಡಾಕ್ಟರ್ ಅಂದ್ರೆ ನಂಬಿಕೆ ಇಲ್ಲ...’

ನೋವಾಗುತ್ತಿತ್ತು. ಆದರೂ ಸೋಮವಾರ ಬಂದರೆ ಅವಳ ಕಣ್ಣು ಅವನನ್ನೇ ಹುಡುಕುತ್ತಿತ್ತು. ನಡೆಯಲಾಗದ ಮುದುಕರನ್ನು ಅವನು ಆಟೋದಿಂದ ಎತ್ತಿ ತಂದು ಕೂರಿಸುವಾಗ, ಬರೆಯುತ್ತಿದ್ದ ಪೆನ್ನು ತಾನೇ ನಿಲ್ಲುತ್ತಿತ್ತು. ಹಾಳು ಮನಸ್ಸಿಗೆ ಬುದ್ಧಿ ಹೇಳುವವರು ಯಾರು?

ಹೀಗಿರುವಾಗ ತಾಹೇರಾ ಮನೆಯಿಂದಲೇ ಒವೈಸ್‌ಗೆ ಅವಳ ಸಂಬಂಧ ಕೇಳಿ ಬಂದರು! ಸೋಮವಾರ ಸಂಜೆ ಉತ್ತರ ಹೇಳಬೇಕೆಂದು ಅಸ್ಫಿಯಾಳ ಅಮ್ಮಿ ಮುಸರತ್ ನೆನಪಿಸಿಯೇ ಕಳಿಸಿದ್ದಳು. ಅಸ್ಫಿಯಾ ಬೇಡವೆಂದು ನಿರ್ಧರಿಸಿಬಿಟ್ಟಿದ್ದಳು. ಬಿಪಿ ನೋಡಲೂ ತಾಯಿಯ ಕೈಯನ್ನು ತನಗೆ ಕೊಡದವನು ಮದುವೆಯಾದ ಮೇಲೆ ಕ್ಲಿನಿಕ್ಕಿಗೆ ಕಳಿಸುತ್ತಾನೆಯೇ? ಈ ಕುರ್ಚಿ ಬಿಟ್ಟು ಅವಳಿಗೆ ಬದುಕಿಲ್ಲ.

ಆ ಸೋಮವಾರ ಕೆರಗೋಡಿನ ಮಂಗಳಮ್ಮ ಅವಸರ ಮಾಡುತ್ತ ಒಳಗೆ ಬಂದಳು. ಬಸ್ಸು ತಡವಾಗಿ ಬಂದರೂ ಇಷ್ಟು ಬೇಗ ಸರದಿ ಹೇಗೆ ಬಂತೆಂದು ಅಸ್ಫಿಯಾ ಕೇಳಿದಳು.

“ಆ ಗ್ಯಾರೇಜಿನ ಉಡುಗ ಕಣವ್ವ. ಊರ್ಗೋಗೋ ಬಸ್ಸು ತಪ್ಪೋದ್ರೆ ನಮ್ಗೆ ಸಂಜೆಗಂಟ ಗತಿ ಇಲ್ಲ. ಅವ್ನು ತನ್ ಜಾಗಕ್ಕೆ ನಮ್ ಚಪ್ಲಿ ಇಟ್ಟು, ತನ್ ಚಪ್ಲಿ ಇಂದಕ್ಕಾಕ್ತಾನೆ. ಅವತ್ತು ನೀನು ಬೈದ್ಯಲ್ಲ, ಅದೂ ನನ್ ಚಪ್ಲೀನೇ. ಸಾಲು ತಪ್ಪಿಸಿದೋಳು ಅಂತ ನನ್ ಮರ್ವಾದೆ ಓಗ್ಬಾರ್ದು ಅಂತ ತುಟಿ ಪಿಟಕ್ ಅನ್ನಲಿಲ್ಲ.”

ಅಸ್ಫಿಯಾ ಪೆನ್ನು ಕೆಳಗಿಟ್ಟು ಜಗಲಿಯ ಚಪ್ಪಲಿ ಸಾಲಿನತ್ತ ನೋಡಿದಳು. ಮುಂದಿನವರನ್ನೆಲ್ಲ ಹೇಗೆ ನೋಡಿದಳೋ ಅವಳಿಗೇ ಗೊತ್ತು.

ಒಂದು ಗಂಟೆಯಾಯಿತು. ಸಾಲಿನಲ್ಲಿ ಉಳಿದಿದ್ದದ್ದು ತಾಯಿ ಮಗನ ಚಪ್ಪಲಿ ಮಾತ್ರ. ಅಸ್ಫಿಯಾ ಹಿಂಬಾಗಿಲಲ್ಲಿ ಬಿಟ್ಟಿದ್ದ ತನ್ನ ಚಪ್ಪಲಿ ತಂದು ಅವನ ಚಪ್ಪಲಿಯ ಹಿಂದೆ ಇಟ್ಟಳು.

ಒವೈಸ್ ಗಾಬರಿಯಿಂದ ಎದ್ದು ನಿಂತ. “ಮದ್ದೂರು ಬಸ್ಸು ಹೋಯ್ತದೆ ಮೇಡಂ...”

“ಇನ್ನೊಂದು ಬಸ್ಸಿದೆ. ಇವತ್ತು ನಿಮ್ಮ ಅಮ್ಮೀನ ನಾನೇ ನೋಡ್ತೀನಿ.” ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡಳು. “ನಿಕಾಹ್ ಆದ್ಮೇಲೂ ನಾನು ಇಲ್ಲೇ ಕೂತು ಎಲ್ಲರನ್ನೂ ನೋಡ್ತೀನಿ. ಒಪ್ಪಿಗೇನಾ?”

ತಾಹೇರಾ ಸೆರಗಿನಲ್ಲಿ ನಗು ಮುಚ್ಚಿಕೊಂಡು ತಾನಾಗಿಯೇ ಒಳಗೆ ನಡೆದಳು.

“ನೀವೇ ಅಮ್ಮೀನ ನೋಡ್ಬೇಕು ಅಂತ ಎಲ್ಲರಿಗಿಂತ ಮೊದ್ಲು ಬಂದು ಚಪ್ಪಲಿ ಇಡ್ತೀನಿ,” ಅಂದ ಒವೈಸ್, ನೆಲ ನೋಡುತ್ತ. “ಆಮೇಲೆ ಹಳ್ಳಿ ಬಸ್ಸು ಬರ್ತದೆ. ಮನಸ್ಸು ತಡೆಯಲ್ಲ.”

ಅವಳ ಕಣ್ಣು ತುಂಬಿತು.

“ಎಲ್ಲರಿಗೂ ಜಾಗ ಬಿಟ್ಕೊಡಿ. ನನ್ನ ಜಾಗ ಮಾತ್ರ ಯಾರಿಗೂ ಬಿಟ್ಕೊಡಬೇಡಿ.”

ಒವೈಸ್ ಬಗ್ಗಿ, ಹಿಂದಿದ್ದ ಅವಳ ಚಪ್ಪಲಿಯನ್ನು ಎತ್ತಿ ತನ್ನದರ ಪಕ್ಕಕ್ಕೆ ಇಟ್ಟ.

“ಇದೊಂದು ಜಾಗ ಬಿಟ್ಕೊಡೋದು ನನ್ನ ಕೈಲಿ ಆಗಲ್ಲ ಬಿಡಿ,” ಅಂದ.