ಯಾರಿಗೆ ಮೊದಲು ತಿಳಿಸಬೇಕು

"ಫಾರ್ಮ್ ತಪ್ಪಾಗಿ ತುಂಬಿದ್ದೀಯಲ್ಲ ಮಹರಾಯ!"

ಇಪ್ಪತ್ತೆರಡು ವರ್ಷಗಳ ಹಿಂದೆ ಸೇನಾ ಕಚೇರಿಯ ಗುಮಾಸ್ತ ಟ್ರಕ್ ಡ್ರೈವರ್‌ಗೆ ಹೇಳಿದ ಮಾತಿದು. ಗಡಿಗೆ ಹೊರಡುವ ಪ್ರತಿಯೊಬ್ಬ ಸಿಪಾಯಿಯೂ ತುಂಬಲೇಬೇಕಾದ ಫಾರ್ಮ್. 'ಏನಾದರೂ ಆದರೆ ಯಾರಿಗೆ ಮೊದಲು ತಿಳಿಸಬೇಕು?' ಎಂಬಲ್ಲಿ ಡ್ರೈವರ್ ದುಂಡಗೆ ಬರೆದಿದ್ದದ್ದು ಗುಮಾಸ್ತನ ಹೆಸರನ್ನೇ.

"ತಪ್ಪೇನಿದೆ ರೈಟರ್ ಸಾಹೇಬ್ರೇ?" ಮೇಜಿಗೆ ಮೊಣಕೈಯೂರಿ ಅವನು ಕಣ್ಣಲ್ಲೇ ನಕ್ಕಿದ್ದ. "ನಂಗೇನಾದ್ರೂ ಆದ್ರೆ ಮೊದಲು ಅಳೋದು ಯಾರು ಅಂತ ನಂಗೆ ಗೊತ್ತಿಲ್ವಾ?"

ಗುಮಾಸ್ತನ ಕಿವಿ ಕೆಂಪಾಗಿತ್ತು. ಆರು ತಿಂಗಳಿಂದ ಹೀಗೇ. ಡ್ಯೂಟಿ ಚೀಟಿಗೆ ಸಹಿ ಹಾಕಿಸುವ ನೆಪದಲ್ಲಿ ಡ್ರೈವರ್ ದಿನಕ್ಕೆ ಮೂರು ಸಲ ಬಂದು, ಟೈಪ್‌ರೈಟರ್‌ನ ಆಚೆಯಿಂದ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ. ಆ ನೋಟ ಬಿದ್ದರೆ ಸಾಕು, ಗುಮಾಸ್ತನ ಬೆರಳು ಯಾವ್ಯಾವುದೋ ಅಕ್ಷರ ಒತ್ತುತ್ತಿತ್ತು. ಎಂಥ ಚೆಂದದ ದಿನಗಳವು!

ಆದರೆ ಗಂಡಸು ಗಂಡಸನ್ನು ಪ್ರೀತಿಸುವುದು ಗೊತ್ತಾದರೆ ಸೈನ್ಯದಿಂದ ಹೊರಹಾಕುತ್ತಿದ್ದ ಕಾಲ. ನಮ್ಮ ಗುಮಾಸ್ತನೋ ಮಹಾ ಪುಕ್ಕಲ. ಹೊಸ ಫಾರ್ಮಿನಲ್ಲಿ ಡ್ರೈವರ್‌ನ ಅಮ್ಮನ ಹೆಸರು ಟೈಪ್ ಮಾಡಿ ಮುಂದಿಟ್ಟ. ಅವನು ಸಹಿ ಹಾಕಿ ಹೊರಟುಹೋದ.

ಎರಡೇ ತಿಂಗಳಲ್ಲಿ ಟ್ರಕ್ಕು ನೆಲಬಾಂಬಿಗೆ ಸಿಕ್ಕಿತು. ಅಮ್ಮನಿಗೆ ತಂತಿ ಕಳಿಸಿದವನು ಗುಮಾಸ್ತನೇ. ಕಳಿಸಿ ಆಸ್ಪತ್ರೆಗೆ ಓಡಿದರೆ, "ಫಾರ್ಮಲ್ಲಿ ಹೆಸರಿದ್ದವರನ್ನ ಮಾತ್ರ ಒಳಗೆ ಬಿಡೋದು" ಎಂದಳು ನರ್ಸ್. ಅವನೇ ಟೈಪ್ ಮಾಡಿದ ಫಾರ್ಮು! ಮೂರು ದಿನ ಹೊರಗೇ ಕೂತು ವಾಪಸಾದ. ಕಾಲು ಕುಂಟಾಗಿ ಸೇನೆ ಬಿಟ್ಟ ಡ್ರೈವರ್‌ಗೆ ಆಮೇಲೆ ಒಂದು ಪತ್ರ ಬರೆಯಲೂ ಅವನಿಗೆ ಮುಖವಿರಲಿಲ್ಲ.

ಹೋದ ವಾರ ಕಾನೂನು ಬದಲಾಯಿತು. ಗಂಡಸನ್ನು ಪ್ರೀತಿಸುವ ಗಂಡಸರು ಇನ್ನು ಅದನ್ನು ಬಚ್ಚಿಟ್ಟುಕೊಳ್ಳದೆ ಸೇನೆಯಲ್ಲಿರಬಹುದು. ಆ ಸುತ್ತೋಲೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ಗುಮಾಸ್ತ, ರಜಾ ಅರ್ಜಿ ಬರೆದುಕೊಟ್ಟು, ಬೇಕೆಂದೇ ಯೂನಿಫಾರ್ಮ್ ಬಿಚ್ಚದೆ ಡ್ರೈವರ್‌ನ ಊರಿನ ಬಸ್ ಹತ್ತಿದ.

ಡ್ರೈವರ್ ಈಗ ಗ್ಯಾರೇಜಿನ ಮಾಲೀಕ. ಕೂದಲು ನರೆತಿದೆ, ಕಣ್ಣು ಮಾತ್ರ ಅದೇ ತುಂಟ ಕಣ್ಣು. ಬಂದವನನ್ನು ಕಂಡು ಸ್ಪ್ಯಾನರ್ ಕೆಳಗಿಟ್ಟ.

"ಆಸ್ಪತ್ರೇಲಿ ದಿನಾ ಬಾಗಿಲು ನೋಡ್ತಿದ್ದೆ."

"ಬಾಗಿಲಾಚೇನೇ ಕೂತಿದ್ದೆ ಕಣೋ. ಬಿಡಲಿಲ್ಲ." ಗುಮಾಸ್ತ ಸುತ್ತ ನೋಡಿದ. ಮೂವರು ಮೆಕ್ಯಾನಿಕ್‌ಗಳು ಕೆಲಸ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. "ಒಳಗೆ ಹೋಗಿ ಮಾತಾಡೋಣ್ವಾ?"

"ಗುಟ್ಟಿನ ಮಾತಾದ್ರೆ ಬಂದ ದಾರೀಲೇ ಹೋಗು. ಗುಟ್ಟು ನಂಗೆ ಸಾಕಾಗಿದೆ."

ಈಗಲೂ ಹೆದರಿದರೆ ಈ ಜನ್ಮಕ್ಕೆ ಇವನು ಸಿಗುವುದಿಲ್ಲ.

"ಅವತ್ತು ಹೆದರಿ ನನ್ನ ಹೆಸರು ನಾನೇ ತೆಗೆದುಹಾಕಿದೆ," ಎಂದ, ಬೀದಿಗೆಲ್ಲ ಕೇಳುವ ಹಾಗೆ. "ನೀನಂದ್ರೆ ನಂಗೆ ಪ್ರಾಣ. ಅವತ್ತೂ, ಇವತ್ತೂ."

ಡ್ರೈವರ್ ಕುಂಟುತ್ತ ಹತ್ತಿರ ಬಂದ.

"ಇಷ್ಟು ಹೇಳೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತಾ?" ಚಾಚಿದ ಕೈಯನ್ನು ಹಾಗೇ ಹಿಂದೆಳೆದುಕೊಂಡ. "ಕೈಯೆಲ್ಲ ಗ್ರೀಸು. ಯೂನಿಫಾರ್ಮ್ ಕೆಟ್ಟುಹೋಗುತ್ತೆ."

"ಕೆಟ್ಟರೆ ಕೆಡಲಿ," ಎಂದ ಗುಮಾಸ್ತ, ಆ ಎರಡೂ ಕೈಗಳನ್ನು ಹಿಡಿದು ಎದೆಗೊತ್ತಿಕೊಂಡ.