ಹೊಗೆಕೊಳವೆ ಕಾಯುವವಳು

"ಮುಟ್ಟಬೇಡಿ! ಆ ವಾಲ್ವ್ ಮುಟ್ಟಿದ್ರೆ ಸರಿ ಇರಲ್ಲ!"

ಲಿಸಾಂದ್ರೊ ಕೂಗುವಷ್ಟರಲ್ಲಿ ಗ್ಯಾಸ್ ರಿಪೇರಿಗೆ ಬಂದಿದ್ದ ಯಾನಿನಾ ಅದನ್ನು ಪೂರ್ತಿ ತಿರುಗಿಸಿಬಿಟ್ಟಿದ್ದಳು. ಗ್ಯಾಸ್ ಹೀಟರಿನ ಬೆಂಕಿ ಒಮ್ಮೆ ನಡುಗಿ ಆರಿಹೋಯಿತು.

ಹೊರಗೆ ಭೂಮಿಯ ದಕ್ಷಿಣ ತುದಿಯ ಊರಾದ ರಿಯೊ ಗಾಯೆಗೋಸ್‌ನ ಜುಲೈ ತಿಂಗಳ ನಡುಚಳಿಗಾಲದ ಗಾಳಿ ತಗಡಿನ ಸೂರನ್ನು ಕಿತ್ತೊಯ್ಯುವಂತೆ ಬೀಸುತ್ತಿತ್ತು. ಕುರ್ಚಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಲಿಸಾಂದ್ರೊನ ತಾಯಿ ದೋನ್ಯಾ ಎರ್ಮಿನಿಯಾ ಇಬ್ಬರ ಮುಖವನ್ನೂ ಪಿಳಿಪಿಳಿ ನೋಡಿದರು.

"ಬೆಂಕಿ ಜಾಸ್ತಿ ಆಗ್ಲಿ ಅಂತ ನಿಮ್ಮನ್ನ ಕರೆಸಿದ್ದು. ಇದ್ದದ್ದನ್ನೂ ಆರಿಸಿಬಿಟ್ರಲ್ಲ!"

"ಅದು ಹಳದಿ ಬೆಂಕಿ. ನೀಲಿ ಇರಬೇಕು. ಗೋಡೆ ಮೇಲಿನ ಮಸಿ ನೋಡಿ... ಹೊಗೆಕೊಳವೆ ಬಿರುಕು ಬಿಟ್ಟಿದೆ. ವಿಷಗಾಳಿ ಮನೆಯೊಳಗೇ ಸುತ್ತುತ್ತಾ ಇದೆ. ಅಮ್ಮನಿಗೆ ಬೆಳಗ್ಗೆ ತಲೆ ನೋಯುತ್ತಾ?"

"ವಯಸ್ಸಾಗಿದೆ, ನೋಯುತ್ತೆ," ಅಂದ. ಆದರೆ ದನಿ ಇಳಿದಿತ್ತು.

ಯಾನಿನಾ ಬಗ್ಗಿ ನೋಡಿದಳು. ಗೋಡೆಯ ಬುಡದಲ್ಲಿ ಗಾಳಿಯಾಡಲೆಂದು ಬಿಟ್ಟಿದ್ದ ತೂತಿಗೆ ಹಸಿರು ಉಣ್ಣೆಯ ಮೆತ್ತೆಯೊಂದನ್ನು ತುರುಕಿದ್ದರು. ಅಳತೆಗೆ ಸರಿಯಾಗಿ ಹೆಣೆದದ್ದು, ನಡುವೆ ಒಂದು ಹೂವು ಬೇರೆ!

"ನಾನೇ ಹೆಣೆದದ್ದು ಮಗಳೇ," ದೋನ್ಯಾ ಎರ್ಮಿನಿಯಾ ಹೆಮ್ಮೆಯಿಂದ ಹೇಳಿದರು. "ಕಾಲಿಗೆ ಗಾಳಿ ಹೊಡೀತಿತ್ತಲ್ಲ!"

ಯಾನಿನಾ ತೂತಿನ ಮುಂದೆ ಮಂಡಿಯೂರಿದಳು. ಈ ಊರಲ್ಲಿ ಆ ತೂತು ಮುಚ್ಚದ ತಾಯಿ ಯಾರಿದ್ದಾಳೆ? ಚಳಿಯನ್ನು ಹೊರಗಿಡಲು ಹೋಗಿ ಸಾವನ್ನು ಒಳಗೆ ಕೂಡಿಹಾಕಿಕೊಳ್ಳುತ್ತಾರಲ್ಲ... ಮೆತ್ತೆಯನ್ನು ಮೆಲ್ಲಗೆ ಎಳೆದು ಮುದುಕಿಯ ಮಡಿಲಲ್ಲಿಟ್ಟಳು. ವಾಲ್ವಿಗೆ ಕೆಂಪು ಚೀಟಿ ಕಟ್ಟಿದಳು.

"ಇನ್ನು ಇದನ್ನ ತೆರೆಯೋ ಅಧಿಕಾರ ನನಗೂ ಇಲ್ಲ. ಕೊಳವೆ, ಹೀಟರ್ ಎರಡೂ ಹೊಸದು ಹಾಕಿ, ಗ್ಯಾಸ್ ಕಂಪನಿಯವರು ಬಂದು ಒಪ್ಪಬೇಕು."

"ಯಾವಾಗ ಬರ್ತಾರೆ?"

"ಗೊತ್ತಿಲ್ಲ..."

"ಅಲ್ಲಿವರೆಗೂ ಅಮ್ಮ ಏನ್ ಮಾಡ್ಬೇಕು?"

"ಕೆಂಡ ಮಾತ್ರ ಒಳಗೆ ತರಬೇಡಿ. ಅದೂ ಕೊಲ್ಲುತ್ತೆ," ಎಂದಷ್ಟೇ ಹೇಳಿದಳು.

"ಕೊಲ್ತಿರೋದು ನೀವು! ಹೊರಡಿ ಇಲ್ಲಿಂದ!"

ಹೊರಟಳು. ಆದರೆ ಮನಸ್ಸು ಹೊರಡಲಿಲ್ಲ. ಗ್ಯಾಸ್ ಕೆಲಸದವರು ಬೀದಿಯ ತಿರುವು ದಾಟುವುದೇ ತಡ, ಜನ ಚೀಟಿ ಕಿತ್ತು ವಾಲ್ವ್ ತೆರೆಯುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತು. ತಡೆಯಲು ಅವಳೇನು ಪೊಲೀಸೇ?

ಅಂದಿನಿಂದ ಪ್ರತಿ ಸಂಜೆ ಕೆಲಸ ಮುಗಿಸಿ ಆ ಮನೆಯೆದುರು ನಿಲ್ಲತೊಡಗಿದಳು. ಸೂರಿನ ಮೇಲಿನ ಕೊಳವೆಯಿಂದ ಬಿಳಿ ಆವಿ ಎದ್ದರೆ ಹೀಟರ್ ಹೊತ್ತಿದೆ ಎಂದರ್ಥ. ಏಳದಿದ್ದರೆ ಒಳಗಿನವರು ಚಳಿಯಲ್ಲಿ ನಡುಗುತ್ತಿದ್ದಾರೆ... ಆದರೆ ಬದುಕಿದ್ದಾರೆ.

ಕಿಟಕಿಯಲ್ಲಿ ಅವನು ಕಾಣುತ್ತಿದ್ದ. ಟ್ಯಾಕ್ಸಿ ಓಡಿಸಿ ದಣಿದು ಬಂದವನು ತಾಯಿಯ ಪಾದಗಳನ್ನು ಅಂಗೈಯಲ್ಲಿಟ್ಟು ಉಜ್ಜುತ್ತಿದ್ದ. ಮನೆಯಿಂದ ಹೊರದಬ್ಬಿದವನ ಮೇಲೆ ಯಾರಿಗಾದರೂ ಮನಸ್ಸಾಗುತ್ತದೆಯೇ? ಯಾನಿನಾಳಿಗೆ ಆಯಿತು. ಅವಳೇನು ಮಾಡಲಾದೀತು!

ಎದುರು ಮನೆಯವನು ಸುಮ್ಮನಿರುವವನೇ? "ಏನಪ್ಪಾ ಲಿಸಾಂದ್ರೊ, ನಿನ್ನ ಕಾವಲುಗಾರ್ತಿ ಬಂದ್ಲು! ದಂಡ ಹಾಕ್ಸೋವರೆಗೂ ಬಿಡಲ್ಲ ಇವಳು!" ಎಂದು ಛೇಡಿಸಿದ. ಲಿಸಾಂದ್ರೊ ಅದನ್ನೇ ನಂಬಿದ.

ಹಿಮ ಬೀಳುತ್ತಿದ್ದ ಒಂದು ಸಂಜೆ ಬಾಗಿಲು ದಡಾರನೆ ತೆರೆಯಿತು. ಅವನು ಕೋಟಿಲ್ಲದೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ಬೀದಿ ದಾಟಿ ಬಂದ.

"ನೋಡಿ, ಕಣ್ತುಂಬ ನೋಡಿ! ಕರೆಂಟ್ ಹೀಟರ್ ಹಾಕಿದೆ, ಫ್ಯೂಸ್ ಹೋಯ್ತು. ಅಮ್ಮನ ತುಟಿ ನೀಲಿಯಾಗಿದೆ. ಈಗ ವಾಲ್ವ್ ತೆರೀತೀನಿ. ಹೋಗಿ ದೂರು ಕೊಡಿ!"

ಯಾನಿನಾ ಅವನ ಕೈಯನ್ನೇ ನೋಡಿದಳು. ಅವಳ ಕಣ್ಣು ತುಂಬಿತು.

"ದೂರಾ? ಯಾರಿಗೆ ಕೊಡಲಿ?" ಅವಳ ದನಿ ಒಡೆಯಿತು. "ನಾನು ನಿಂತಿರೋದು ನಿಮ್ಮ ಹೊಗೆಕೊಳವೆ ನೋಡೋಕೆ. ಆವಿ ಕಂಡ್ರೆ ಬಾಗಿಲು ಒಡೆದಾದ್ರೂ ನಿಮ್ಮಿಬ್ಬರನ್ನ ಹೊರಗೆಳೀಬೇಕು ಅಂತ! ಕಂಪನಿಗೆ ದಿನಾ ಫೋನ್ ಮಾಡ್ತೀನಿ, ದಿನಾ 'ನಾಳೆ' ಅಂತಾರೆ. ಆರಿಸೋದು ಮಾತ್ರ ನನ್ನ ಕೈಲಿದೆ, ಲಿಸಾಂದ್ರೊ... ಹೊತ್ತಿಸೋದು ಇಲ್ಲ. ಮನೆಗೆ ಹೋದ್ರೂ ನನ್ನ ಹೀಟರ್ ಮುಂದೆ ಕೂರೋಕೆ ಮನಸ್ಸು ಬರಲ್ಲ..."

ಅವನು ಅವಳ ಮುಖ ನೋಡಿದ. ಅವಳ ರೆಪ್ಪೆಯ ಮೇಲೆ ಹಿಮ ಕುಳಿತಿತ್ತು, ಕಿವಿಗಳು ಕೆಂಪೇರಿದ್ದವು. 'ಇವಳು ಇಷ್ಟು ದಿನ ಕಾದದ್ದು ನಮ್ಮ ಉಸಿರನ್ನಾ?'

ಸ್ಪ್ಯಾನರನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ನೀವೇ ಇಟ್ಕೊಳ್ಳಿ. ನನ್ನ ಹತ್ರ ಇದ್ರೆ ಕೈ ಸುಮ್ನಿರಲ್ಲ. ಅಮ್ಮ ನಡುಗೋದನ್ನ ನೋಡ್ತಾ ಕೂರೋಕೆ ನನ್ನಿಂದಾಗ್ತಿಲ್ಲ..."

"ಹಾಗಾದ್ರೆ ನಡೀರಿ, ನನ್ನ ಮನೆಗೆ! ಚಿಕ್ಕದು, ಆದ್ರೆ ಅಲ್ಲಿ ಬೆಂಕಿ ನೀಲಿ ಇದೆ."

ಈ ಮಾತು ಮೊದಲೇ ಯಾಕೆ ಆಡಲಿಲ್ಲ? ಹೊರದಬ್ಬಿಸಿಕೊಂಡವಳು ಹೇಗೆ ಕರೆದಾಳು!

ಒಳಗೆ ಹೋದಾಗ ದೋನ್ಯಾ ಎರ್ಮಿನಿಯಾ ಕಂಬಳಿಯೊಳಗಿಂದ ಏನನ್ನೋ ಚಾಚಿದರು. ಹಸಿರು ಉಣ್ಣೆಯ ಟೋಪಿ, ಮುಂಭಾಗದಲ್ಲಿ ಅದೇ ಹೂವು!

"ತೂತು ತೆಗೆದೇ ಇಟ್ಟಿದೀನಿ ಮಗಳೇ. ಆ ಉಣ್ಣೆ ಬಿಚ್ಚಿ ಹೆಣೆದೆ. ದಿನಾ ಬರಿತಲೇಲಿ ನಿಂತಿರ್ತೀಯಲ್ಲ... ಈ ಪೆದ್ದನಿಗೆ ಕಾಣದೇ ಇದ್ರೆ ನನಗೂ ಕಾಣಲ್ವಾ?"

ಯಾನಿನಾ ಬಿಕ್ಕಿದಳು. ಲಿಸಾಂದ್ರೊ ಟೋಪಿಯನ್ನು ಅವಳ ಕಿವಿ ಮುಚ್ಚುವ ತನಕ ಎಳೆದು ತೊಡಿಸಿದ. ಕೈ ಹಿಂದೆಗೆಯಲಿಲ್ಲ.

"ಗ್ಯಾಸ್ ಯಾವಾಗ ಬರುತ್ತೆ?"

"ಗೊತ್ತಿಲ್ಲ."

"ಬಂದ ಮೇಲೆ ನೀನು ಹೊಗೆಕೊಳವೆ ಕಾಯೋದು ನಿಲ್ಲಿಸಿಬಿಡ್ತೀಯಾ?"

'ನೀವು' ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ.

"ಆಮೇಲೆ ಬರೋಕೆ ನನಗೇನು ಕಾರಣ ಇರುತ್ತೆ?"

"ನಾನಿದೀನಲ್ಲ ಯಾನಿನಾ... ನನ್ನನ್ನೂ ಒಬ್ರು ಕಾಯ್ಬೇಕು."

ಅವಳು ಕಣ್ಣೊರೆಸಿಕೊಂಡು ಸ್ಪ್ಯಾನರನ್ನು ಚೀಲಕ್ಕೆ ಹಾಕಿದಳು.

"ಕಾಯ್ತೀನಿ. ಮೊದಲು ಅಮ್ಮನ್ನ ಎತ್ಕೋ."