ಮಾಮಾನ ಕತ್ತಿಗೆ ಕಾದ ಗಡ್ಡ

ಊರಿಗೆಲ್ಲ ಗಡ್ಡ ಬೋಳಿಸುವವನೇ ಗೇಣುದ್ದ ಗಡ್ಡ ಬಿಟ್ಟುಕೊಂಡು ಕೂತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಸೂಗಮ್ಮನಿಗಂತೂ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಯನ್ನು ನೋಡಿ ಬರುತ್ತೇನೆಂದು ಶಹಾಬಾದಿನಲ್ಲಿ ರೈಲು ಹತ್ತಿದವಳು, ವಾಡಿಯಲ್ಲಿ ಇಳಿದು ನೆಟ್ಟಗೆ ಅತ್ತೆಯ ಮಗ ಅಂಬಾರಾಯನ ಕಟಿಂಗ್ ದುಕಾನಿನ ಬಾಗಿಲಲ್ಲಿ ನಿಂತಳು. ಹೆಣ್ಣುಮಕ್ಕಳು ಬರುವ ಜಾಗವೇ ಅಲ್ಲ ಅದು.

"ಅವ್ವ ಮನ್ಯಾಗ ಇದ್ದಾಳ. ನೀ ಇಲ್ಲಿಗ್ಯಾಕ ಬಂದಿ?" ಅಂಬಾರಾಯ ಗಾಬರಿಯಾದ.

"ಈ ಗಡ್ಡ ನೋಡ್ಲಿಕ್ಕ ಬಂದೀನಿ."

ಅವನು ಬೆನ್ನು ತಿರುಗಿಸಿದ. ಆದರೆ ಎದುರಿಗೆ ಕನ್ನಡಿ ಇತ್ತು. ಕನ್ನಡಿಯಲ್ಲಿ ಅವಳ ಕೆಂಪಾದ ಮೂಗು, ಕೂದಲಿಗಂಟಿದ ಶಹಾಬಾದಿನ ಕಲ್ಲುಗಣಿಯ ಬಿಳಿ ಧೂಳು ಎಲ್ಲ ಕಾಣುತ್ತಿತ್ತು. ಅವನು ನೋಡುತ್ತಿರುವುದು ಅವಳಿಗೂ ಕಾಣುತ್ತಿತ್ತು. ಇಷ್ಟು ಆಸೆಯಿಂದ ನೋಡುವವನಿಗೆ ಬಾಯಿ ಬಿಟ್ಟು ಒಂದು ಮಾತಾಡಲು ಏನು ಧಾಡಿ?

ಅವರ ಮನೆತನದಲ್ಲಿ ಒಂದು ಪದ್ಧತಿ. ಹೆಣ್ಣು ಕೇಳಿದ ಹುಡುಗ ಅಂದಿನಿಂದ ತನ್ನ ಮುಖಕ್ಕೆ ಕತ್ತಿ ಮುಟ್ಟಿಸುವಂತಿಲ್ಲ. ಹುಡುಗಿಯ ಅಪ್ಪನೇ ಅವನನ್ನು ಕೂರಿಸಿ ಗಡ್ಡ ತೆಗೆಯಬೇಕು, ಅಲ್ಲಿಗೆ ನಿಶ್ಚಯವಾದಂತೆ. ಸಂಕ್ರಾಂತಿಯಲ್ಲಿ ಅಂಬಾರಾಯ ಸೂಗಮ್ಮನನ್ನು ಕೇಳಿದ್ದ, ಅದೇ ಕಸುಬಿನ ಅವಳಪ್ಪ ಗುರುಲಿಂಗಪ್ಪ ಗಡ್ಡ ತೆಗೆಸಿಕೊಳ್ಳಲು ಬಾ ಅಂದಿದ್ದ. ಅಷ್ಟರಲ್ಲಿ ರೈಲ್ವೆ ಗಾರ್ಡ್ ದೇವೀಂದ್ರಪ್ಪನ ಕಿವಿಗೆ ಇವನ ಕತ್ತಿ ತಗುಲಿತು. ಕಿವಿ ಬಾತು, ಗಾರ್ಡ್ ಸಾಹೇಬರು ಕೋರ್ಟಿಗೆ ಎಳೆಯುತ್ತೇನೆಂದರು. ಅಂಬಾರಾಯನ ಜೀವ ಅಲ್ಲೇ ಹಾರಿತು. ಹೈದರಾಬಾದಿನಿಂದ ಬರುವ ವಿಮಾ ಏಜೆಂಟ್ ಬಂದೇಅಲಿ, ಕೈತಪ್ಪಿಗೂ ವಿಮಾ ಸಿಗುತ್ತದೇನೋ ಕಂಪನಿಗೆ ಕೇಳುತ್ತೇನೆ ಎಂದದ್ದೇ ತಡ, ಈ ಪುಣ್ಯಾತ್ಮ ಅದನ್ನೇ ನಂಬಿ ಕೂತುಬಿಟ್ಟ.

"ಸೋಮವಾರ ತೆಂಗಳಿಯವರು ನನ್ನ ನೋಡ್ಲಿಕ್ಕ ಬರ್ತಾರ," ಎಂದಳು ಸೂಗಮ್ಮ. "ಅಪ್ಪ ಕತ್ತಿ ಮಸದು ಇಟ್ಟಾನ. ನಿನ್ನ ಗಡ್ಡ ಬರಲಿಲ್ಲಂದ್ರ ಅವರ ಹುಡುಗನ ಗಡ್ಡ."

ಅಂಬಾರಾಯನ ಮುಖ ಬಿಳಿಚಿತು. "ವಿಮಾ ಒಂದು ಆಗ್ಲಿ, ಸೂಗಿ. ನಾಳಿ ಯಾರರ ಕೇಸ್ ಹಾಕಿದ್ರ ದುಕಾನ ಹೋಗ್ತದ. ನಿನ್ನ ಕರ್ಕೊಂಡು ಬಂದು ಬೀದ್ಯಾಗ ನಿಲ್ಲಿಸ್ಲೇನು?"

ಸರಿಯಾಗಿ ಆಗಲೇ ಬಂದೇಅಲಿ ಕೊಡೆ ಮಡಚುತ್ತ ಒಳಗೆ ಬಂದ.

"ಕಂಪನಿ ಜವಾಬು ಬಂತಪಾ. ಕೈತಪ್ಪಿಗಿ ವಿಮಾ ಇಲ್ಲಂತ. ಜೀವಕ್ಕ ಬೇಕಂದ್ರ ಇವತ್ತೇ ಮಾಡ್ತೀನಿ. ನೀ ಸತ್ರ ಕೊಡ್ತಾರ, ಕತ್ತಿ ಜಾರಿದ್ರ ಕೊಡಂಗಿಲ್ಲ."

"ಕೇಳ್ದೇನು?" ಸೂಗಮ್ಮ ಹಣೆ ಚಚ್ಚಿಕೊಂಡಳು. "ನನ್ನ ಲಗ್ನ ಆಗಬೇಕಂದ್ರ ಮೊದಲು ನೀ ಸಾಯಬೇಕು!"

ಬಂದೇಅಲಿ ಕೊಡೆ ಬಿಚ್ಚಿಕೊಂಡು ಬಂದ ದಾರಿಗೇ ಹೋದ. ಅಂಬಾರಾಯ ಕುರ್ಚಿಯಲ್ಲಿ ಕುಸಿದು ಕೂತ. ಅವನನ್ನು ಹಾಗೆ ನೋಡಿ ಸೂಗಮ್ಮನಿಗೆ ಸಿಟ್ಟಿನ ಜೊತೆಗೇ ಅಳುವೂ ಬಂತು. ಇವನನ್ನು ಬಿಟ್ಟು ಇನ್ನೊಬ್ಬನ ಮನೆಯಲ್ಲಿ ಬಾಳುವುದು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು.

"ಅಪ್ಪನೂ ಮಂದಿಗಿ ಕೊಯ್ದಾನ," ಎಂದಳು ಮೆಲ್ಲಗೆ. "ಮರುದಿನ ಅವರ ಮನಿಗಿ ಹೋಗಿ, ಗಾಯ ನೋಡಿ, ತಪ್ಪಾತ್ರಿ ಅಂದು ಬರ್ತಾನ. ನೀ ಗಾರ್ಡ್ ಸಾಹೇಬರ ಮನಿಗಿ ಹೋಗಿದ್ದೇನು?"

"ಇಲ್ಲ... ಅಂಜಿಕಿ ಬಂತು."

"ಹೋಗೇ ಇಲ್ಲ?!" ಅಳು ಹಾರಿಹೋಗಿ ಸಿಟ್ಟೊಂದೇ ಉಳಿಯಿತು. "ಏಳು ಮ್ಯಾಲ!"

ದೇವೀಂದ್ರಪ್ಪ ಪ್ಲಾಟ್‌ಫಾರ್ಮಿನಲ್ಲೇ ಚಹಾ ಕುಡಿಯುತ್ತಿದ್ದರು. ಅಂಬಾರಾಯ ಕೈ ಮುಗಿದು ನಿಂತ. ಸೂಗಮ್ಮ ಹಿಂದಿನಿಂದ ಅವನ ಮೊಣಕೈ ತಿವಿದಳು.

"ತಪ್ಪಾತ್ರಿ ಸಾಹೇಬ್ರ. ಕಿವಿ ಹೆಂಗದರಿ?" ಎಂದ ಅಂಬಾರಾಯ.

"ಈಗ ನೆಪ್ಪಾತೇನು ನಿನಗ?" ಗಾರ್ಡ್ ಗುಡುಗಿದರು. "ಕಿವಿ ಬಾತು ಮಲ್ಕೊಂಡಾಗ ಹಣಿಕಿ ಹಾಕಿ ನೋಡ್ಲಿಲ್ಲ. ಅದಕ್ಕೇ ಕೋರ್ಟ್ ಅಂದೆ. ಆ ಬಾಜೂ ಓಣಿ ಹೊಸ ಕಟಿಂಗ್‌ನವನ ಹತ್ರ ಹೋದ್ರ ಅರ್ಧ ಮೀಸಿ ಹಾರಿಸ್ಯಾನ. ನಾಳಿ ಬರ್ತೀನಿ, ಕುರ್ಚಿ ಖಾಲಿ ಇಡು."

ದುಕಾನಿಗೆ ಮರಳುವಾಗ ಅಂಬಾರಾಯ ಅವಳ ಕಡೆ ನೋಡದೆ ಕೇಳಿದ: "ಮತ್ತ ಯಾರಿಗರ ಕೊಯ್ದ್ರ?"

"ನಿನ್ನ ಸಂಗಟ ನಾನೂ ಬರ್ತೀನಿ, ಅವರ ಮನಿಗಿ. ಪ್ರತಿ ಸಲ. ಇದಕ್ಕಿಂತ ದೊಡ್ಡ ವಿಮಾ ಯಾವ ಕಂಪನಿಯವನು ಕೊಡ್ತಾನ?"

ಅವನು ನಿಂತು ಅವಳನ್ನು ನೋಡಿದ. ಕನ್ನಡಿಯಿಲ್ಲದೆ, ನೇರವಾಗಿ.

"ಸೋಮವಾರದ ತನಕ ಯಾಕ? ಈಗಿನ ಗಾಡಿಗೇ ಬರ್ತೀನಿ," ಎಂದ.

ಅಂದು ಸಂಜೆ ಶಹಾಬಾದಿನ ಮನೆಯಂಗಳದಲ್ಲಿ ಗುರುಲಿಂಗಪ್ಪ ಅಳಿಯನನ್ನು ಕೂರಿಸಿದ. ಆಯುಷ್ಯದಲ್ಲಿ ಸಾವಿರಾರು ಗಡ್ಡ ತೆಗೆದ ಕೈ. ಗದ್ದದ ಹತ್ತಿರ ಬಂದಾಗ ಮಗಳು ತನ್ನ ಮನೆ ಬಿಟ್ಟು ಹೋಗುತ್ತಾಳೆಂಬುದು ನೆನಪಾಗಿ ಆ ಕೈಯಲ್ಲೂ ಕತ್ತಿ ಜಾರಿತು. ರಕ್ತ ಚಿಮ್ಮಿತು.

ಗುರುಲಿಂಗಪ್ಪ ಪೆಚ್ಚಾದ. ಸೂಗಮ್ಮ ರಕ್ತ ನಿಲ್ಲಲೆಂದು ಪಟಿಕದ ಹರಳು ತಂದು ಅಂಬಾರಾಯನ ಗದ್ದಕ್ಕೆ ಒತ್ತಿ ಹಿಡಿದಳು.

"ನಾಳಿ ನಾನೇ ನಿಮ್ಮ ಮನಿಗಿ ಬಂದು ನೋಡಬೇಕಾತು," ಗೊಣಗಿದ ಗುರುಲಿಂಗಪ್ಪ.

"ಬರ್ರಿ ಮಾಮಾ. ಬರೂವಾಗ ಲಗ್ನದ ದಿನ ಗಟ್ಟಿ ಮಾಡ್ಕೊಂಡೇ ಬರ್ರಿ."

ಗುರುಲಿಂಗಪ್ಪ ಕಣ್ಣೊರೆಸಿಕೊಳ್ಳುತ್ತ ಕತ್ತಿ ತೊಳೆಯಲು ಎದ್ದ. ರಕ್ತ ಯಾವಾಗಲೋ ನಿಂತಿತ್ತು, ಸೂಗಮ್ಮ ಮಾತ್ರ ಕೈ ತೆಗೆದಿರಲಿಲ್ಲ.

"ಸೂಗಿ, ಉರೀಲಿಕತ್ತದ."

"ಉರೀಲಿ," ಎಂದಳು ಇನ್ನಷ್ಟು ಒತ್ತಿ. "ಸಂಕ್ರಾಂತಿಯಿಂದ ನನಗ ಎಷ್ಟು ಉರದದ ಗೊತ್ತೇನು?"